ಕಾವ್ಯದೊಳಗೆ ಹೊಕ್ಕ ಎಮ್ಮೆ

“ಗುರುಗಳೇ, ನಾನು ಬರೆದದ್ದನ್ನು ಜನ ಕೊನೆಯವರೆಗೂ ಏಕೆ ಕೇಳುವುದಿಲ್ಲ?”

ಹೀಗೆ ಕೇಳಿದವನು ಮಠದಲ್ಲಿ ಓದು ಮುಗಿಸಿದ ಶಿಷ್ಯ. ಅವನ ತೊಡೆಯ ಮೇಲೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಗ್ರಂಥವಿತ್ತು. ಹಿಂದಿನ ದಿನ ಅದನ್ನು ಸಹಪಾಠಿಗಳ ಮುಂದೆ ಓದಿದ್ದ. ಒಬ್ಬನಿಗೆ ನೀರು ಸೇದುವ ಕೆಲಸ ನೆನಪಾಯಿತು. ಇನ್ನೊಬ್ಬನಿಗೆ ಹೊಟ್ಟೆನೋವು ಬಂತು. ಕೊನೆಗೆ ಉಳಿದವನು ಕಂಬಕ್ಕೆ ಒರಗಿ ಗೊರಕೆ ಹೊಡೆದ. ಶಿಷ್ಯನಿಗೆ ಅನ್ನ ಸೇರದಂತಾಗಿತ್ತು.

ಗುರುಗಳು ಗ್ರಂಥವನ್ನು ಬಿಚ್ಚಿಸಲಿಲ್ಲ. ಅದರ ದಪ್ಪವನ್ನು ಮಾತ್ರ ನೋಡಿದರು. “ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದರು.

ಒಂದು ಊರಿನಲ್ಲಿ ಒಬ್ಬ ಕವಿಯಿದ್ದ. ಹರೆಯದಲ್ಲಿ ಕೈಗೆತ್ತಿಕೊಂಡ ಕಾವ್ಯವನ್ನು ತಲೆ ನರೆತ ಮೇಲೆ ಮುಗಿಸಿದ. ಅದು ಅಂತಿಂಥ ಕಾವ್ಯವಲ್ಲ. ಕಾವ್ಯವೆಂದ ಮೇಲೆ ಇರಬೇಕಾದ ವರ್ಣನೆಗಳೆಲ್ಲ ಅದರಲ್ಲಿದ್ದವು. ಸಮುದ್ರವಿತ್ತು, ಕವಿ ಸಮುದ್ರವನ್ನು ಕಂಡವನಲ್ಲ. ಯುದ್ಧವಿತ್ತು, ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಅವನು ಹೊಸ್ತಿಲು ದಾಟುತ್ತಿರಲಿಲ್ಲ. ಆದರೆ ಪ್ರಾಸ ಮಾತ್ರ ಒಂದು ಕಡೆಯೂ ತಪ್ಪಿರಲಿಲ್ಲ. ಆ ವಿಷಯದಲ್ಲಿ ಅವನ ಕಡೆ ಬೆರಳು ತೋರಿಸುವ ಹಾಗೇ ಇರಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಹೊಸ ಕಾವ್ಯ ಬಂದರೆ ದೇವಸ್ಥಾನದ ಮಂಟಪದಲ್ಲಿ ದಿನಕ್ಕೊಂದು ಸಂಧಿಯಂತೆ ಓದಿಸುತ್ತಿದ್ದರು. ಗಮಕಿ ರಾಗವಾಗಿ ಓದಬೇಕು, ಪಕ್ಕದಲ್ಲಿ ಕೂತ ಶಾಸ್ತ್ರಿಗಳು ಅರ್ಥ ಹೇಳಬೇಕು. ಕೊನೆಯ ದಿನ ಮಂಗಳವಾದ ಮೇಲೆ ನೆರೆದವರು ಎದ್ದು ನಿಂತು ಕೈಮುಗಿದರೆ ಗ್ರಂಥ ದೇವಸ್ಥಾನದ ಭಂಡಾರ ಸೇರುತ್ತಿತ್ತು. ವರ್ಷವರ್ಷವೂ ಅದರ ಓದು ನಡೆಯುತ್ತಿತ್ತು. ಜನ ಎದ್ದು ನಿಲ್ಲದಿದ್ದರೆ ಗ್ರಂಥವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ವೀಳ್ಯವಿಟ್ಟು, ಕವಿಯ ಮನೆಗೆ ಮರಳಿಸುತ್ತಿದ್ದರು. ಮರ್ಯಾದೆಗೇನೂ ಕೊರತೆಯಿಲ್ಲ. ಆದರೆ ಹಾಗೆ ವೀಳ್ಯ ಪಡೆದವನು ಆಮೇಲೆ ಊರಿನಲ್ಲಿ ಪದ್ಯದ ಮಾತೆತ್ತುತ್ತಿರಲಿಲ್ಲ. ಕವಿ ತನ್ನ ಬಾಳನ್ನೆಲ್ಲ ಸವೆಸಿದ್ದು ಇದೊಂದೇ ಕಾವ್ಯಕ್ಕೆ. ಅದು ಮನೆಗೆ ಮರಳಿ ಬಂದರೆ ತಾನು ಬದುಕಿದ್ದು ಏತಕ್ಕೆ ಎಂಬುದೇ ಅವನಿಗೆ ತಿಳಿಯದಂತಾಗುತ್ತಿತ್ತು.

ಕರಡನ್ನು ಅಂದವಾಗಿ ತಾಳೆಗರಿಗೆ ಇಳಿಸಿಕೊಡಲು ಅವನು ಕೆರೆಯಾಚೆಯ ಹಳ್ಳಿಯ ಒಬ್ಬ ಲಿಪಿಕಾರನಿಗೆ ಒಪ್ಪಿಸಿದ. ಒಳ್ಳೆಯ ಕೈ. ಅಕ್ಷರ ಮುತ್ತು ಪೋಣಿಸಿದಂತಿತ್ತು. ಲಿಪಿಕಾರರಲ್ಲಿ ಒಂದು ರೂಢಿಯುಂಟು. ಸಂಧಿ ಮುಗಿದಲ್ಲಿ, ಓಲೆಯ ಕೊನೆಯಲ್ಲಿ ಉಳಿದ ಜಾಗದಲ್ಲಿ, ತಮ್ಮದೂ ಒಂದು ಮಾತು ಬರೆದುಕೊಳ್ಳುತ್ತಾರೆ. ಬರೆದವನು ಇಂಥವನು, ತಪ್ಪಿದ್ದರೆ ತಿದ್ದಿಕೊಳ್ಳಿ, ಗ್ರಂಥವನ್ನು ಎಣ್ಣೆ ನೀರು ತಾಗದಂತೆ ಕಾಪಾಡಿ, ಎಂದು. ಈ ಲಿಪಿಕಾರನೂ ಬರೆದ. ತುಸು ಹೆಚ್ಚಿಗೆ ಬರೆದ.

ಓದು ಶುರುವಾಗುವ ಹಿಂದಿನ ದಿನ ಗ್ರಂಥ ಕವಿಯ ಕೈಸೇರಿತು. ಅವನು ಕಣ್ಣಿಗೊತ್ತಿಕೊಂಡು, ಒಮ್ಮೆ ಪೂರ್ತಿ ನೋಡಿಬಿಡೋಣವೆಂದು ದಾರ ಬಿಚ್ಚಿದ. ಸಮುದ್ರ ವರ್ಣನೆಯ ಅರ್ಧಕ್ಕೆ ಬರುವಷ್ಟರಲ್ಲಿ ಅವನಿಗೇ ತೂಕಡಿಕೆ ಬಂತು. ವಯಸ್ಸಾಯಿತಲ್ಲ ಎಂದುಕೊಂಡು ಮತ್ತೆ ಕಟ್ಟಿಟ್ಟ.

ಮೊದಲ ದಿನ ಮಂಟಪ ತುಂಬಿತ್ತು. ಬೇಸಗೆಯ ಮಧ್ಯಾಹ್ನ, ಪಾನಕವೂ ಇತ್ತು. ಪಾನಕ ಮುಗಿದ ಮೇಲೆ ಸಮುದ್ರ ಶುರುವಾಯಿತು. ಅಲೆಯ ಮೇಲೆ ಅಲೆ ಬಂತು. ಒಂದೊಂದು ಅಲೆಗೂ ಶಾಸ್ತ್ರಿಗಳು ಅರ್ಥ ಹೇಳಿದರು. ಹಿಂದಿನ ಸಾಲಿನವರು ಚಪ್ಪಲಿ ಹುಡುಕುವವರಂತೆ ಬಗ್ಗಿ ಎದ್ದುಹೋದರು. ಮುಂದಿನ ಸಾಲಿನವರಿಗೆ ಏಳಲು ಸಂಕೋಚ. ಅವರು ಕೂತಲ್ಲೇ ನಿದ್ದೆ ಹೋದರು. ಶಾಲು ಹೊದ್ದು ಎದುರಿಗೆ ಕೂತಿದ್ದ ಕವಿ ಒಂದೊಂದೇ ತಲೆ ವಾಲುವುದನ್ನು ನೋಡುತ್ತಿದ್ದ.

ಸಂಧಿ ಮುಗಿಯಿತು. ಓಲೆಯ ಮೇಲೆ ಇನ್ನೂ ಅಕ್ಷರವಿತ್ತು. ಗಮಕಿ ಅದೇ ರಾಗದಲ್ಲಿ, ಅಷ್ಟೇ ಗಂಭೀರವಾಗಿ ಹಾಡಿದ:

“ಬರೆದವನ ಬೆನ್ನು ಬಿದ್ದುಹೋಯಿತು. ಓದುವವರಾದರೂ ಒರಗಿ ಕೂತು ಓದಲಿ.”

ಶಾಸ್ತ್ರಿಗಳು ಒಂದು ಗಳಿಗೆ ತಡವರಿಸಿದರು. ಆದರೆ ಅರ್ಥ ಹೇಳಿ ಹೇಳಿ ಪಳಗಿದ ನಾಲಿಗೆ. ಸುಮ್ಮನಿರುವುದು ಅದಕ್ಕೆ ಗೊತ್ತಿರಲಿಲ್ಲ. “ಇಲ್ಲಿ ಬೆನ್ನು ಎಂದರೆ ಸಂಸಾರದ ಭಾರ ಹೊತ್ತ ಜೀವ” ಎಂದರು. ಎಣ್ಣೆ ಗಾಣದವನು ಕಣ್ಣು ಬಿಟ್ಟ. “ನನ್ನ ಬೆನ್ನೂ ಹಂಗೇ ಆಗೈತೆ” ಎಂದ. ನಾಲ್ಕು ಜನ ನಕ್ಕರು.

ಕವಿಗೆ ಮೈ ಉರಿದುಹೋಯಿತು. ಜನ ಚದುರಿದ ಮೇಲೆ ಗಮಕಿಯನ್ನು ಹಿಡಿದು ನಿಲ್ಲಿಸಿದ. “ಅದು ನನ್ನ ಪದ್ಯವಲ್ಲ. ಲಿಪಿಕಾರನ ಅಧಿಕಪ್ರಸಂಗ. ನಾಳೆಯಿಂದ ಅದನ್ನು ಬಿಟ್ಟು ಓದಿ.”

ಗಮಕಿ ಹಳೆಯ ಕಾಲದವನು. ಓಲೆಯ ಮೇಲೆ ಇರುವುದನ್ನೆಲ್ಲ ಓದಬೇಕು, ಒಂದಕ್ಷರ ಬಿಟ್ಟರೂ ದೋಷ, ಎಂದು ನಂಬಿದವನು. “ಬಿಡೋ ಹಾಗಿಲ್ಲ ಸ್ವಾಮಿ. ಇವತ್ತು ಇದನ್ನ ಬಿಟ್ಟೆ ಅಂದ್ರೆ ನಾಳೆ ಜನ ಇನ್ನೊಂದನ್ನ ಬಿಡು ಅಂತಾರೆ. ಅವರು ಯಾವುದನ್ನ ಬಿಡು ಅಂತಾರೋ ನಿಮಗೆ ಗೊತ್ತಲ್ಲ” ಎಂದ. ಕವಿಗೆ ಗೊತ್ತಿತ್ತು. ಮನೆಯ ದಾರಿ ಹಿಡಿದ.

ಎರಡನೆಯ ದಿನ ಮಂಟಪದಲ್ಲಿ ಬೆರಳೆಣಿಕೆಯ ಜನ. ಪಾನಕವೂ ಮಿಕ್ಕಿತು. ಪರ್ವತ ವರ್ಣನೆ ಮುಗಿಯುವ ಹೊತ್ತಿಗೆ ಕವಿ ಅರಿಶಿನದ ಬಟ್ಟೆಯನ್ನು ಕಣ್ಣೆದುರು ಕಾಣುತ್ತಿದ್ದ. ಆಗ ಗಮಕಿ ಸಂಧಿಯ ಕೊನೆಯನ್ನು ಹಾಡಿದ:

“ಎಮ್ಮೆ ಹಗ್ಗ ಬಿಚ್ಚಿಕೊಂಡು ಹೋಯಿತು. ಕಟ್ಟಿದವನು ನಾನೇ. ಮನೆಯವಳಿಗೆ ಇನ್ನೂ ಹೇಳಿಲ್ಲ.”

ಮಂಟಪ ಎಚ್ಚರವಾಯಿತು. ಶಾಸ್ತ್ರಿಗಳು ಈ ಸಲ ತಡವರಿಸಲಿಲ್ಲ. ಎಮ್ಮೆ ಎಂದರೆ ಅಹಂಕಾರ, ಹಗ್ಗ ಎಂದರೆ ಸಂಯಮ, ಮನೆಯವಳು ಎಂದರೆ ಒಳಗಿರುವ ಬುದ್ಧಿ, ಎಂದು ಬಿಡಿಸಿ ಬಿಡಿಸಿ ಹೇಳಿದರು. ಕಂಬದ ಬಳಿ ಕೂತಿದ್ದ ಸಾತವ್ವ ಎಂಬ ಮುದುಕಿಗೆ ತಡೆಯಲಾಗಲಿಲ್ಲ. ಅವಳು ಹೈನದ ಮೇಲೆಯೇ ಮಕ್ಕಳನ್ನು ಸಾಕಿದವಳು.

“ಅದೆಲ್ಲಾ ಇರ್ಲಿ ಸ್ವಾಮಿ. ಎಮ್ಮೆ ಸಿಕ್ತೋ ಇಲ್ವೋ ಅಷ್ಟು ಹೇಳ್ರಿ.”

“ಅದು ನಾಳೆಯ ಸಂಧಿಯಲ್ಲಿ ಬರಬಹುದಮ್ಮ” ಎಂದ ಗಮಕಿ, ಓಲೆ ಕಟ್ಟುತ್ತ.

ಆ ಮಾತು ಊರಿನಲ್ಲಿ ಹಬ್ಬಲು ಎಷ್ಟು ಹೊತ್ತು ಬೇಕು? ಮೂರನೆಯ ದಿನ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ನಗರ ವರ್ಣನೆಯನ್ನು ಕೇಳಿದರು. ಒಂದು ಬೀದಿಯನ್ನೂ ಬಿಡದೆ ಕೇಳಿದರು. ಯಾರಾದರೂ ಗೊರಕೆ ಹೊಡೆದರೆ ಪಕ್ಕದವರು ತಿವಿದು ಎಬ್ಬಿಸಿದರು. ಕೊನೆ ತಪ್ಪಿಹೋದೀತು ಎಂದು. ಕೊನೆ ಬಂತು: “ಹೇಳಿದೆ. ಮಾತು ಬಿಟ್ಟಳು.” ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಬಿಡದೆ ಇನ್ನೇನು ಮಾಡುತ್ತಾಳೆ ಎಂದು ಕೆಲವರು, ಪಾಪ ಬಾಯಿಬಿಟ್ಟು ಹೇಳಿದನಲ್ಲ ಎಂದು ಕೆಲವರು.

ನಾಲ್ಕನೆಯ ಸಂಧಿಯ ಕೊನೆಯಲ್ಲಿ, “ಇವತ್ತು ಸಾರಿಗೆ ಉಪ್ಪಿರಲಿಲ್ಲ. ಮರೆತದ್ದಲ್ಲ” ಎಂದಿತ್ತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐದನೆಯದರಲ್ಲಿ, “ಗುಡ್ಡದ ಬುಡದಲ್ಲಿ ಎಮ್ಮೆ ಮಲಗಿದೆಯೆಂದು ಕುರಿ ಕಾಯುವವರು ಹೇಳಿದರು. ಓಡಿದೆ. ಅದು ಬಂಡೆ” ಎಂದು ಬಂತು. ಸಾತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕವಿ ಇದನ್ನೆಲ್ಲ ನೋಡುತ್ತ ಕೂತಿದ್ದ. ಸಿಟ್ಟು ದಿನದಿನಕ್ಕೂ ಏರುತ್ತಿತ್ತು. ಆದರೆ ಸಿಟ್ಟಿನ ಪಕ್ಕದಲ್ಲೇ ಇನ್ನೇನೋ ಕೂತಿತ್ತು, ಅದನ್ನು ಅವನು ಒಪ್ಪಿಕೊಳ್ಳಲಿಲ್ಲ. ಕಾಯುತ್ತ ಕೂತವರ ಕಿವಿಯಲ್ಲಿ ನಡುವೆ ಅಲ್ಲೊಂದು ಇಲ್ಲೊಂದು ಪದ್ಯವೂ ಬೀಳುತ್ತಿತ್ತು. ಗಾಣದವನು ಚಂದ್ರೋದಯದ ಒಂದು ಸಾಲನ್ನು ಗುನುಗುತ್ತ ಹೋದದ್ದನ್ನು ಕವಿ ಕೇಳಿಸಿಕೊಂಡ. ಅವನ ಹಿಂದೆಯೇ ಸ್ವಲ್ಪ ದೂರ ನಡೆದ, ಮನೆಯ ದಾರಿ ಅದಲ್ಲದಿದ್ದರೂ.

ಕೊನೆಯ ದಿನ ಬಂತು. ಅಕ್ಕಪಕ್ಕದ ಊರಿನವರೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಯುದ್ಧ ನಡೆಯಿತು, ಜಯವಾಯಿತು, ಮಂಗಳವಾಯಿತು. ಗಮಕಿ ಕೊನೆಯ ಓಲೆ ಎತ್ತಿಕೊಂಡ. ಕವಿಯ ಕಡೆಯ ಪದ್ಯ ದೊಡ್ಡದು; ಅದು ಓಲೆಯ ಅಂಚಿನವರೆಗೂ ಹಬ್ಬಿತ್ತು. ಲಿಪಿಕಾರನಿಗೆ ಮಿಕ್ಕಿದ್ದು ಒಂದೇ ಒಂದು ಶಬ್ದದ ಜಾಗ. ಗಮಕಿ ಅದನ್ನು ಎಳೆದು ಹಾಡಿದ:

“ಶುಭಮಸ್ತು.”

ಹಾಡಿ ದಾರ ಸುತ್ತಿದ. ಯಾರೂ ಏಳಲಿಲ್ಲ.

“ಮುಗೀತು” ಎಂದರು ಶಾಸ್ತ್ರಿಗಳು.

“ಏನು ಮುಗೀತು?” ಎಂದಳು ಸಾತವ್ವ.

ದೇವಸ್ಥಾನದ ಯಜಮಾನರು ಕವಿಯ ಕಡೆ ನೋಡಿದರು. ಜನ ಎದ್ದು ಕೈಮುಗಿಯದೆ ಗ್ರಂಥ ಭಂಡಾರ ಸೇರುವಂತಿಲ್ಲ. ಇಷ್ಟು ಜನ ಕೂತಿರುವಾಗ ಅರಿಶಿನದ ಬಟ್ಟೆ ತರಿಸುವಂತೆಯೂ ಇಲ್ಲ. ಅವರ ಕಾಲದಲ್ಲಿ ಹೀಗೆ ಆದದ್ದೇ ಇರಲಿಲ್ಲ. ಕೊನೆಗೆ ಅವರು, “ಕಾವ್ಯ ನಿಮ್ಮದು. ಹೇಗಾದರೂ ಮಾಡಿ ನೀವೇ ಮುಗಿಸಬೇಕು” ಎಂದರು.

“ಹೋಗಿ ಬರ್ರಿ. ನಾವು ಇಲ್ಲೇ ಕೂತಿರ್ತೀವಿ” ಎಂದಳು ಸಾತವ್ವ.

ಕವಿ ಕೆರೆಯ ಏರಿ ಹಿಡಿದು ಹೊರಟ. ದಾರಿಯುದ್ದಕ್ಕೂ ಲಿಪಿಕಾರನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡ. ಬೈಗುಳದಲ್ಲೂ ಪ್ರಾಸ ಕೂಡಿಬಂತು. ಒಳ್ಳೆಯ ಬೈಗುಳವೇ ಆಗಿತ್ತು ಎನ್ನಬೇಕು. ಹೊಂಗೆಯ ಮರದ ನೆರಳಿನಲ್ಲಿ ಲಿಪಿಕಾರ ತಾಳೆಗರಿಯ ಅಂಚು ಕತ್ತರಿಸುತ್ತ ಕೂತಿದ್ದ. ಕವಿ ಅವನೆದುರು ನಿಂತ, ಉಸಿರು ಎಳೆದುಕೊಂಡ, ಬಾಯಿ ತೆರೆದ.

“ಎಮ್ಮೆ ಸಿಕ್ಕಿತೇನಯ್ಯ?”

ತನ್ನ ಬಾಯಿಂದ ಅದು ಬಂದದ್ದು ಅವನಿಗೇ ಆಶ್ಚರ್ಯ. ಲಿಪಿಕಾರ ಗಡಬಡಿಸಿ ಎದ್ದ. “ನಿಮಗೆ ಯಾರು ಹೇಳಿದ್ರು ಸ್ವಾಮಿ?”

“ನೀನೇ ಬರೆದಿದ್ದೀಯಲ್ಲ. ಊರೆಲ್ಲ ಕೇಳಿದೆ.”

ಲಿಪಿಕಾರನ ಮುಖ ಬಿಳಿಚಿತು. ಕೈ ಜೋಡಿಸಿದ. “ತಪ್ಪಾಯ್ತು ಸ್ವಾಮಿ. ಅಲ್ಲಿವರೆಗೆ ಯಾರೂ ಓದಲ್ಲ ಅಂದ್ಕೊಂಡಿದ್ದೆ.”

ಬೇರೆ ದಿನವಾಗಿದ್ದರೆ ಈ ಮಾತು ಕವಿಯ ಎದೆಗೆ ನಾಟುತ್ತಿತ್ತು. ಅಂದು ಅವನ ಗಮನವೆಲ್ಲ ಕೊಟ್ಟಿಗೆಯ ಕಡೆಗಿತ್ತು. ಅಲ್ಲಿ ಒಂದು ಎಮ್ಮೆ ನಿಂತು ಮೆಲುಕು ಹಾಕುತ್ತಿತ್ತು. “ಅದೇನಾ?” ಎಂದ.

“ಅದೇ ಸ್ವಾಮಿ. ಕೊನೆ ಓಲೆ ಬರೆದು ಎದ್ದೆ, ಬಾಗಿಲಲ್ಲಿ ನಿಂತಿತ್ತು. ತಾನಾಗೇ ಬಂತು.”

“ಮತ್ತೆ ಮನೆಯವಳು?”

ಲಿಪಿಕಾರ ದನಿ ಇಳಿಸಿದ. “ಎಮ್ಮೆ ಜತೆ ಮಾತಾಡಿದ್ಳು. ನನ್ನ ಜತೆ ಇನ್ನೂ ಇಲ್ಲ.”

ಕವಿ ಅಲ್ಲೇ ಜಗಲಿಯ ಮೇಲೆ ಕುಸಿದ. ಇದನ್ನು ಒಯ್ದು ಸಾತವ್ವನಿಗೆ ಹೇಗೆ ಹೇಳುವುದು? ಅಷ್ಟರಲ್ಲಿ ಲಿಪಿಕಾರನ ಹೆಂಡತಿ ಬಂದವರಿಗೆಂದು ಮಜ್ಜಿಗೆ ತಂದಳು. ಗಂಡನ ಕಡೆ ತಿರುಗಿಯೂ ನೋಡದೆ ಚೊಂಬನ್ನು ಮುಂದಿಟ್ಟಳು. ಕವಿಗೆ ಪ್ರಾಸ ಗೊತ್ತಿತ್ತೇ ಹೊರತು ನಯ ಗೊತ್ತಿರಲಿಲ್ಲ. “ತಾಯಿ, ಇನ್ನಾದರೂ ಸಾರಿಗೆ ಉಪ್ಪು ಹಾಕಮ್ಮ. ಮಂಟಪದಲ್ಲಿ ಎರಡು ಮೂರು ಊರಿನ ಜನ ನಿನ್ನ ಒಂದು ಮಾತಿಗೆ ಕಾದು ಕೂತಿದ್ದಾರೆ” ಎಂದುಬಿಟ್ಟ.

ಅವಳು ಗಕ್ಕನೆ ಗಂಡನ ಕಡೆ ತಿರುಗಿದಳು. “ಉಪ್ಪಿನ ವಿಷ್ಯ ಊರಿಗೆಲ್ಲ ಬರೆದ್ರಾ?”

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಇಷ್ಟು ದಿನ ಒಳಗೆ ಕಟ್ಟಿಟ್ಟದ್ದೆಲ್ಲ ಕಟ್ಟೆಯೊಡೆದು ಬಂತು. ಹಗ್ಗ ಕಟ್ಟಲು ಬಾರದ ಕೈ ಅಕ್ಷರ ಕೊರೆದು ಯಾರನ್ನು ಉದ್ಧಾರ ಮಾಡೀತು ಎಂದಳು. ತಾನು ಬಿಸಿಲಲ್ಲಿ ಊರೂರು ಅಲೆದು ಎಮ್ಮೆ ಹುಡುಕಿದ್ದನ್ನು ಏಕೆ ಬರೆಯಲಿಲ್ಲ ಎಂದಳು. ಉಪ್ಪಿನ ಮಾತು ಬರೆದವರಿಗೆ, ಮಾರನೆಯ ದಿನ ಮಾಡಿದ ಹೋಳಿಗೆಯ ಮಾತು ಬರೆಯಲು ಓಲೆ ಸಾಲಲಿಲ್ಲವೋ ಎಂದಳು. ಲಿಪಿಕಾರ ತಲೆ ತಗ್ಗಿಸಿ ನಿಂತಿದ್ದ, ಆದರೆ ಅವನ ಮುಖ ಹಬ್ಬದ ದಿನದ ಮುಖವಾಗಿತ್ತು. ಕವಿಯ ಕಿವಿಯ ಹತ್ತಿರ ಬಾಗಿ, “ಮಾತಾಡಿದ್ಳು ಸ್ವಾಮಿ” ಎಂದ.

ಅವಳ ಕಿವಿಗೂ ಅದು ಬಿತ್ತು. ಬೈಗುಳವನ್ನು ನಡುವೆಯೇ ನಿಲ್ಲಿಸಿದಳು. ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

“ಒಂದು ಓಲೆ ಕೊಡು” ಎಂದ ಕವಿ. ಲಿಪಿಕಾರ ಓಲೆಯನ್ನೂ ಅಕ್ಷರ ಕೊರೆಯುವ ಕಬ್ಬಿಣದ ಕಂಟವನ್ನೂ ಮುಂದಿಟ್ಟು, “ನಾನೇ ಬರೆಯಲಾ?” ಎಂದ. “ಬೇಡ. ಇದನ್ನು ನಾನು ಬರೆಯುತ್ತೇನೆ.”

ಕವಿ ಕಂಟ ಹಿಡಿದ. ಕಾರ್ಮುಗಿಲಿನಂಥ ಮೈಯ, ಎಂದು ಕೈ ಅಭ್ಯಾಸಬಲದಿಂದ ಶುರುಮಾಡಲು ಹೋಯಿತು. ಮಂಟಪದಲ್ಲಿ ಕಾಲು ಜೋಮು ಹಿಡಿಸಿಕೊಂಡು ಕೂತಿರುವ ಸಾತವ್ವ ನೆನಪಾದಳು. ಮುಗಿಲನ್ನು ಬಿಟ್ಟ. ಪ್ರಾಸವನ್ನೂ ಬಿಟ್ಟ. ಆದದ್ದನ್ನು ಆದಂತೆ ಕೊರೆದು, ಮಸಿ ತೀಡಿ, ಓಲೆ ಹಿಡಿದು ಬಂದ ದಾರಿಯಲ್ಲೇ ಓಡಿದ. ಹುಡುಗನಾಗಿದ್ದಾಗಿನಿಂದ ಅವನು ಹಾಗೆ ಓಡಿರಲಿಲ್ಲ.

ಮಂಟಪದಲ್ಲಿ ಒಬ್ಬರೂ ಕದಲಿರಲಿಲ್ಲ. ಯಾರೋ ಕಡಲೆಕಾಯಿ ತರಿಸಿ ಹಂಚಿದ್ದರು. ಗಮಕಿ ಓಲೆಯನ್ನು ಕಣ್ಣಿಗೊತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ರಾಗವೆತ್ತಿದ:

“ಎಮ್ಮೆ ತಾನಾಗಿ ಬಂತು. ಮನೆಯವಳು ಬೈದಳು. ಬರೆದವನು ಸುಖವಾಗಿದ್ದಾನೆ.”

ಶಾಸ್ತ್ರಿಗಳು, “ಇಲ್ಲಿ ಎಮ್ಮೆ ಎಂದರೆ—” ಎಂದು ಶುರುಮಾಡಿದರು.

“ಎಮ್ಮೆ ಅಂದ್ರೆ ಎಮ್ಮೆ ಸ್ವಾಮಿ” ಎಂದು ಸಾತವ್ವ ಕಂಬ ಹಿಡಿದು ಎದ್ದಳು. ಅವಳ ಹಿಂದೆ ಗಾಣದವನು ಎದ್ದ. ಆಮೇಲೆ ಮಂಟಪವೇ ಎದ್ದಿತು. ಜನ ಕೈಮುಗಿದರು. ಕೆಲವರು ಪಕ್ಕದವರ ಬೆನ್ನು ತಟ್ಟಿದರು, ತಮ್ಮ ಮನೆಯ ಎಮ್ಮೆಯೇ ಬಂದಂತೆ. ಯಜಮಾನರು ಗ್ರಂಥವನ್ನು ತಲೆಯ ಮೇಲಿಟ್ಟುಕೊಂಡು, ಹೊಸ ಓಲೆಯೂ ಸೇರಿದಂತೆ, ಭಂಡಾರಕ್ಕೆ ಒಯ್ದರು.

ಜನ ಎದ್ದದ್ದು ಯಾತಕ್ಕೆಂದು ಕವಿಗೆ ತಿಳಿಯದೆ ಇರಲಿಲ್ಲ. ಅವನೇನೂ ದಡ್ಡನಲ್ಲ. ಆದರೂ ಆ ಮೂರು ಸಾಲು ತನ್ನ ಕೈಯವು ಎಂಬ ಸಂತೋಷ ಅವನಿಗೆ ಸಮುದ್ರ, ಪರ್ವತ, ಯುದ್ಧ ಯಾವುದರಿಂದಲೂ ಸಿಕ್ಕಿರಲಿಲ್ಲ. ಮನೆಗೆ ಹೋಗಿ ಹೊಟ್ಟೆತುಂಬ ಉಂಡ. ಸಾರಿನ ರುಚಿ ಚೆನ್ನಾಗಿದೆ ಎಂದು ಹೆಂಡತಿಗೆ ಹೇಳಿದ. ಮದುವೆಯಾದ ಮೇಲೆ ಅವನು ಹಾಗೆ ಹೇಳಿದ್ದು ಅದೇ ಮೊದಲು. ಅವಳು ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದಳು.

ಅಂದಿನಿಂದ ಆ ಊರಿನಲ್ಲಿ ಪ್ರತಿ ಬೇಸಗೆಯಲ್ಲೂ ಆ ಕಾವ್ಯದ ಓದು ನಡೆಯಿತು. ಕತೆ ಗೊತ್ತಿದ್ದವರೂ ಬಂದರು. ಕವಿ ಇರುವವರೆಗೂ ಎದುರಿನ ಸಾಲಿನಲ್ಲೇ ಕೂತು, ಬಂಡೆಯ ಮಾತು ಬಂದಾಗ ಎಲ್ಲರೊಡನೆ ತಾನೂ ಅಯ್ಯೋ ಎನ್ನುತ್ತಿದ್ದ. ಮುಂದೆ ಅದನ್ನು ನಕಲು ಮಾಡಿದ ಲಿಪಿಕಾರರು ಸಮುದ್ರದಲ್ಲಿ ಕೆಲವು ಪದ್ಯ ಬಿಟ್ಟರು. ಪರ್ವತವೂ ಅಷ್ಟಿಷ್ಟು ತಗ್ಗಿತು. ಎಮ್ಮೆಯ ಒಂದಕ್ಷರವನ್ನೂ ಯಾರೂ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ತೊಡೆಯಿಂದ ಗ್ರಂಥ ಯಾವಾಗಲೋ ಜಾರಿ ಚಾಪೆಯ ಮೇಲೆ ಬಿದ್ದಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ನಗುತ್ತ ಕಣ್ಣೊರೆಸಿಕೊಂಡು, ಮುಂದಕ್ಕೆ ಸರಿದು ಕೇಳಿದ.

“ಗುರುಗಳೇ, ಆ ಎಮ್ಮೆ ಅಷ್ಟು ದಿನ ಎಲ್ಲಿಗೆ ಹೋಗಿತ್ತು?”

“ಎಮ್ಮೆ ಎಲ್ಲಿಗೆ ಹೋಗಿತ್ತೆಂದು ಕೇಳಿದೆ, ಆ ಕಾವ್ಯ ಯಾರ ಕತೆಯೆಂದು ನೀನೂ ಕೇಳಲಿಲ್ಲವಲ್ಲ ಮಗು” ಎಂದರು ಗುರುಗಳು.